ಫ್ಲ್ಯಾಟ್ ನೋಡುವ ಮೊದಲು ವೈರ್ ಎಲ್ಲಿಯವರೆಗೆ ಬಂದಿದೆ ನೋಡಿ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಿದ್ದಾಗ ಓದಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಕಡೆ ಫ್ಲ್ಯಾಟ್ ತೆಗೆದುಕೊಳ್ಳುವ ಯೋಚನೆಯಲ್ಲಿರುವ ನಮ್ಮ ಹುಡುಗ ಹುಡುಗಿಯರು ಓದಿ. ಚಳವಳಿಗೂ ಫ್ಲ್ಯಾಟಿಗೂ ಎಂತ ಸಂಬಂಧ ಅಂತ ಕೇಳುವ ಸಂಗಾತಿಗಳೂ ಓದಿ.

ನನ್ನ ಅಕ್ಕನ ಮಗಳು ಬಿಸಿಎ ಮಾಡಿ ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಅವಳಿಗೆ ಫ್ಲ್ಯಾಟ್ ಹುಡುಕಲು ನಾಲ್ಕೈದು ತಿಂಗಳು ಭಾನುವಾರ ಭಾನುವಾರ ತಿರುಗಿದೆವು. ಆಫೀಸಿನಲ್ಲಿ ದಿನವಿಡೀ ಫೈಲು ನೋಡುವವನಲ್ವಾ, ಕಾಗದಪತ್ರ ನೋಡಲಿಕ್ಕೆ ನಾನು ಬೇಕು. ಇಸಿ, ಕನ್ವರ್ಷನ್, ಡೋರ್ ನಂಬರ್, ಬಾವಿ, ಪಾರ್ಕಿಂಗ್ ಎಲ್ಲ ನನ್ನ ಪಟ್ಟಿಯಲ್ಲಿತ್ತು. ಅವಳ ಪಟ್ಟಿಯಲ್ಲಿ ಮೊದಲು ಇದ್ದದ್ದು ಒಂದೇ ಪ್ರಶ್ನೆ: "ಮಾವ, ಇಲ್ಲಿ ಫೈಬರ್ ಬರ್ತದಾ?"

ಅವಳು ಯಾಕೆ ಹಾಗೆ ಕೇಳುತ್ತಾಳೆ ಅಂತ ಅರ್ಥ ಮಾಡಿಕೊಳ್ಳಿ. ನೆಟ್ ಅವಳಿಗೆ ಸಿನಿಮಾ ನೋಡಲಿಕ್ಕಲ್ಲ. ಬೆಳಿಗ್ಗೆ ಲಾಗಿನ್ ಆಗಬೇಕು, ಇಡೀ ದಿನ ಲೈನ್ ನಿಲ್ಲಬೇಕು. ಲೈನ್ ಹೋದರೆ ಆ ಹೊತ್ತು ರಜೆ ಲೆಕ್ಕಕ್ಕೆ ಹೋಗುತ್ತದೆ. ತಿಂಗಳಲ್ಲಿ ನಾಲ್ಕು ಸಲ ಹೋದರೆ "ಬೆಂಗಳೂರಿಗೆ ಬಂದುಬಿಡಿ" ಅಂತಾರೆ. ಬೆಂಗಳೂರಿಗೆ ಹೋದರೆ ಸಂಬಳದ ಅರ್ಧ ಬಾಡಿಗೆಗೆ. ಮತ್ತೆ ಅಲ್ಲಿ ರೂಮು ಕೇಳುವಾಗ ಬರುವ ಪ್ರಶ್ನೆಗಳು ನಿಮಗೆಲ್ಲ ಗೊತ್ತೇ ಉಂಟು. ಇಪ್ಪತ್ತು ವರ್ಷದ ಸಾಲದ ಕಂತು ಈ ಕೆಲಸದ ಮೇಲೆ ನಿಂತಿದೆ. ಕೆಲಸ ಆ ವೈರಿನ ಮೇಲೆ ನಿಂತಿದೆ. ಅಪ್ಪನ ಆಸ್ತಿ ಇದ್ದವನಿಗೆ ಒಂದು ಫ್ಲ್ಯಾಟ್ ಸರಿಯಾಗದಿದ್ದರೆ ಮಾರಿ ಇನ್ನೊಂದು ತೆಗೆದಾನು. ನಮ್ಮ ಮನೆಗಳಲ್ಲಿ ಫ್ಲ್ಯಾಟ್ ತೆಗೆಯುವುದು ಮೊದಲ ತಲೆಮಾರು. ಎರಡನೇ ಅವಕಾಶ ಸಿಗುವುದು ಕಷ್ಟ.

ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಎಷ್ಟು ಗೊತ್ತಾ? 2023ರವರೆಗೆ 512 ಕೆಬಿಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡೇ. ಆ ವರ್ಷ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್ ಮಾಡಿದರು. ಹಾಗಾಗಿ "ಬ್ರಾಡ್‌ಬ್ಯಾಂಡ್ ಸೌಲಭ್ಯ ಉಂಟು" ಅಂತ ಬ್ರೋಷರಿನಲ್ಲಿ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಎಂಬಿಪಿಎಸ್ಸಲ್ಲಿ ಅವಳ ಆಫೀಸಿನ ಮೀಟಿಂಗ್ ಒಂದು ನಡೆಸಿ ನೋಡಿ, ಆಗ ಗೊತ್ತಾಗುತ್ತದೆ.

ನಾವು ತಿರುಗಿದ ಕಡೆ ಕಲಿತದ್ದನ್ನು ಹೇಳುತ್ತೇನೆ. ಯಾವ ಬಿಲ್ಡರ್, ಯಾವ ಕಂಪನಿ ಅಂತ ಹೆಸರು ಹೇಳುವುದಿಲ್ಲ, ಅದು ಮುಖ್ಯ ಅಲ್ಲ.

ಮಣಿಪಾಲ. ಇಲ್ಲಿ ವಿದ್ಯಾರ್ಥಿಗಳ ಊರು, ನೆಟ್ ಇಲ್ಲದೆ ಇರುತ್ತದಾ ಅಂತ ನಾವು ಅಂದುಕೊಳ್ಳುತ್ತೇವೆ. ರಸ್ತೆಯ ತುಂಬ ಕೇಬಲ್ ನೇತಾಡುತ್ತಿದೆ, ನಿಜ. ಆದರೆ ಒಂದು ಬಿಲ್ಡಿಂಗಿನಲ್ಲಿ ಒಬ್ಬನೇ ಆಪರೇಟರ್. ಬೇರೆಯವರಿಗೆ ಒಳಗೆ ಡಕ್ಟಿನಲ್ಲಿ ವೈರ್ ಎಳೆಯಲು ಬಿಡುವುದಿಲ್ಲ. ಅವನು ಹೇಳಿದ್ದೇ ರೇಟು, ಕೆಟ್ಟರೆ ಅವನು ಬಂದಾಗ ರಿಪೇರಿ. ಆದ್ದರಿಂದ "ನೆಟ್ ಉಂಟಾ" ಅಂತ ಕೇಳಬೇಡಿ. "ಎಷ್ಟು ಕಂಪನಿಯದ್ದು ಉಂಟು, ಹೊಸಬರಿಗೆ ವೈರ್ ಎಳೆಯಲು ಅಸೋಸಿಯೇಷನ್ ಬಿಡ್ತದಾ" ಅಂತ ಕೇಳಿ.

ಕಾಪು. ಹೈವೇಯಿಂದ ಪಡುವಣಕ್ಕೆ, ಸಮುದ್ರದ ಕಡೆ ಒಂದು ಫ್ಲ್ಯಾಟ್ ಇಷ್ಟ ಆಯಿತು. ಕಂಪನಿಯ ಆ್ಯಪಿನಲ್ಲಿ ಪಿನ್ ಕೋಡ್ ಹಾಕಿದರೆ "ಲಭ್ಯವಿದೆ" ಅಂತ ಹಸಿರು ಬಣ್ಣದಲ್ಲಿ ಬರುತ್ತದೆ. ಪಿನ್ ಕೋಡ್ ಅಂದರೆ ಒಂದು ಪೋಸ್ಟಾಫೀಸಿನ ಇಡೀ ವ್ಯಾಪ್ತಿ. ಆ ವ್ಯಾಪ್ತಿಯಲ್ಲಿ ಎಲ್ಲೋ ಒಂದು ಕಡೆ ಇದ್ದರೂ ಹಸಿರು ಬಂದೀತು. ಲೈನ್‌ಮ್ಯಾನ್ ಹುಡುಗನಿಗೆ ಫೋನ್ ಮಾಡಿದೆವು. "ಅಕ್ಕ, ಅಲ್ಲಿ ಬಾಕ್ಸ್ ಫುಲ್. ಪೋರ್ಟ್ ಇಲ್ಲ. ಯಾರಾದರೂ ಕಟ್ ಮಾಡಿದ್ರೆ ನಿಮಗೆ" ಅಂದ. ಫೈಬರಿನ ಒಂದು ಎಳೆಯನ್ನು ಸ್ಪ್ಲಿಟ್ಟರ್ ಹಾಕಿ 32 ಅಥವಾ 64 ಮನೆಗೆ ಹಂಚುವುದು ಸಾಮಾನ್ಯ. ಕಂಬದ ಮೇಲೆ ಕಾಣುವ ಸಣ್ಣ ಕಪ್ಪು ಡಬ್ಬಿಯಲ್ಲಿ ಎಂಟೋ ಹದಿನಾರೋ ತೂತು. ಅದು ಭರ್ತಿಯಾದ ಮೇಲೆ ಕೆಳಗೆ ನಿಂತು ನೋಡಿದರೂ ನಿಮಗೆ ಕನೆಕ್ಷನ್ ಇಲ್ಲ. ಆ್ಯಪಿಗಿಂತ ಆ ಹುಡುಗನ ಮಾತು ನಂಬಿ. ಬಿಎಸ್ಸೆನ್ನೆಲ್‌ನ ಫೈಬರ್ ಬುಕಿಂಗ್ ಪೋರ್ಟಲಿನಲ್ಲಿ ಮ್ಯಾಪಿನ ಮೇಲೆ ಮನೆ ಜಾಗ ಗುರುತು ಮಾಡಿ ನೋಡಬಹುದು, ಅದು ಪಿನ್ ಕೋಡಿಗಿಂತ ವಾಸಿ. ಆದರೂ ಅಲ್ಲಿಯ ಪಾರ್ಟ್‌ನರಿಗೆ ಒಂದು ಫೋನ್ ಮಾಡಿ.

ಕಾರ್ಕಳ. ರೇಟು ಕಮ್ಮಿ, ಗಾಳಿ ಬೆಳಕು ಚೆನ್ನಾಗಿದೆ. ಬಿಲ್ಡರ್ "ಅದೆಲ್ಲ ಬರ್ತದೆ ಮಾರಾಯ್ರೆ, ನೀವು ಬಂದು ಕೂತ್ಕೊಳ್ಳಿ" ಅಂದ. ನಾವು ಬಿಲ್ಡರನ್ನು ಬಿಟ್ಟು ಪಕ್ಕದ ಮನೆಯ ಅಮ್ಮನನ್ನು ಕೇಳಿದೆವು. ವೈರ್ ಬಂದಿದೆ, ಆದರೆ ರಬ್ಬರ್ ತೋಟ ಹಾಡಿ ದಾಟಿ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಗೆಲ್ಲು ಬಿದ್ದರೆ ಮೂರು ದಿನ ಇಲ್ಲ. ನಮ್ಮ ಜಿಲ್ಲೆಯಲ್ಲಿ ಫ್ಲ್ಯಾಟ್ ನೋಡುವುದಾದರೆ ಜನವರಿಯ ಬಿಸಿಲಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಮಳೆಗಾಲದಲ್ಲಿ ಒಮ್ಮೆ ಹೋಗಿ, ಇಲ್ಲದಿದ್ದರೆ ಮಳೆಗಾಲದ ಕತೆ ಕೇಳಿ.

ಉಡುಪಿ. ಹಳೆ ಬಿಲ್ಡಿಂಗು, ಎರಡು ಕಂಪನಿಯ ಫೈಬರ್, ಎಲ್ಲ ಸರಿ. ಆದರೆ ಜನರೇಟರ್ ಲಿಫ್ಟಿಗೂ ಮೆಟ್ಟಿಲಿನ ಲೈಟಿಗೂ ಮಾತ್ರ. ಹಿಂದಿನ ಲ್ಯಾಂಡ್‌ಲೈನ್ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ರಿಂಗ್ ಆಗುತ್ತಿತ್ತು. ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಮೆಸ್ಕಾಂ ಕರೆಂಟ್ ಹೋದ ಕೂಡಲೇ ನಿಮ್ಮ ರೂಟರ್ ಸತ್ತಿತು. ಅದಕ್ಕೆ ಸಣ್ಣ ಯುಪಿಎಸ್ ಸಿಗುತ್ತದೆ, ಹಾಕಿಸಿಕೊಳ್ಳಿ. ಆಪರೇಟರನ ಕಡೆಯ ಡಬ್ಬಿಗೆ ಬ್ಯಾಟರಿ ಉಂಟಾ ಅಂತಲೂ ಕೇಳಿ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದು ಅವನಲ್ಲಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ವೈರ್ ಇಲ್ಲದಿದ್ದರೆ ಏರ್‌ಫೈಬರ್ ಹಾಕಿ ಅನ್ನುತ್ತಾರೆ. ಅದು ಟವರಿನಿಂದ ಬರುವ 5ಜಿ. ಕೆಲವು ಕಡೆ ಒಳ್ಳೆಯದೇ ಇದೆ. ಆದರೆ ಟವರಿಗೂ ನಿಮಗೂ ನಡುವೆ ಗುಡ್ಡೆ ಇದ್ದರೆ, ಸಂಜೆ ಎಲ್ಲರೂ ಒಟ್ಟಿಗೆ ಕೂತರೆ ಸ್ಪೀಡ್ ಇಳಿಯುತ್ತದೆ. ಆ ಫ್ಲ್ಯಾಟಿನ ಒಳಗೇ ನಿಂತು, ಕಿಟಕಿ ಮುಚ್ಚಿ, ಸಂಜೆ ಎಂಟು ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿ. ಟೆರೇಸಿನಲ್ಲಿ ಮಾಡಬೇಡಿ, ನೀವು ಟೆರೇಸಿನಲ್ಲಿ ವಾಸ ಮಾಡುವುದಿಲ್ಲ.

ಈಗ ಕಾಗದದ ವಿಷಯ. ರೇರಾ ಕಾಯ್ದೆ 2016ರದ್ದು. ಅದರ 13ನೇ ಕಲಂ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಆಗದೆ ಬಿಲ್ಡರ್ ನಿಮ್ಮಿಂದ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. 12ನೇ ಕಲಂ ಪ್ರಕಾರ ಜಾಹೀರಾತು, ಬ್ರೋಷರ್ ನಂಬಿ ದುಡ್ಡು ಕೊಟ್ಟು, ಅದು ಸುಳ್ಳಾಗಿ ನಷ್ಟ ಆದರೆ ಪರಿಹಾರ ಕೇಳಬಹುದು. ಹಿಂದೆ ಸರಿದು ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು. ಅಂದ ಮೇಲೆ "ನೆಟ್ ಬರ್ತದೆ" ಅನ್ನುವುದು ಬಾಯಿಮಾತಾಗಿ ಉಳಿಯಬಾರದು. ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ, ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿಸಿದರೆ ಇನ್ನೂ ಗಟ್ಟಿ. ಒಂದು ನೆನಪಿರಲಿ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಫ್ಲ್ಯಾಟ್ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯ ಅಲ್ಲ. ನಮ್ಮ ಕಡೆ ಸಣ್ಣ ಬಿಲ್ಡಿಂಗು ಬಹಳ, ಅಲ್ಲಿ ಇನ್ನೂ ಜಾಗ್ರತೆ ಬೇಕು. ಕಟ್ಟಡಗಳಿಗೆ ನೆಟ್ ಎಷ್ಟು ಚೆನ್ನಾಗಿ ಬರುತ್ತದೆ ಅಂತ ಸ್ಟಾರ್ ಕೊಡುವ ನಿಯಮವನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ತಂದಿದೆ. ಕೇಳಿ ನೋಡಿ, ಕೇಳುವವರು ಹೆಚ್ಚಾದರೆ ಮಾತ್ರ ಬಿಲ್ಡರುಗಳು ಅದರ ಕಡೆ ತಿರುಗುತ್ತಾರೆ.

ಇದಿಷ್ಟು ಎಲ್ಲರಿಗೂ ಅನ್ವಯ. ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ.

ನಾವು ನೆಟ್ ಬಗ್ಗೆ ಕೇಳುವಾಗ ಅವರು ನಮ್ಮ ಬಗ್ಗೆ ಕೇಳುತ್ತಿದ್ದರು. ಹೊಸ ಫ್ಲ್ಯಾಟಿನ ಬಿಲ್ಡರಿಗೆ ದುಡ್ಡು ಬಂದರೆ ಸಾಕು. ಹಳೆ ಫ್ಲ್ಯಾಟ್ ಮಾರುವವರು ಹಾಗಲ್ಲ. "ನಿಮ್ಮ ಮೂಲ ಎಲ್ಲಿ?" "ಎಲ್ಲಿ ಮನೆ, ಯಾರ ಪೈಕಿ?" "ವೆಜ್ಜಾ?" ಇಷ್ಟು ಸಾಕು. ನಮ್ಮ ಜಿಲ್ಲೆಯಲ್ಲಿ ಜಾತಿ ಕೇಳುವ ಅಗತ್ಯವೇ ಇಲ್ಲ, ವಿಳಾಸ ಕೇಳಿದರೆ ಗೊತ್ತಾಗುತ್ತದೆ. ವಿಳಾಸದಲ್ಲಿ "ಕಾಲೊನಿ" ಇತ್ತು. ಒಂದು ಕಡೆ ಅಷ್ಟರವರೆಗೆ ಟೀ ಕುಡಿಸಿ ಮಾತಾಡುತ್ತಿದ್ದವರು ಮರುದಿನ ಫೋನಿನಲ್ಲಿ, "ಅದು ನಮ್ಮ ಸಂಬಂಧದವರಿಗೆ ಮೊದಲೇ ಮಾತಾಗಿತ್ತು" ಅಂದರು. ಆ ಫ್ಲ್ಯಾಟಿನ ಜಾಹೀರಾತು ಎರಡು ತಿಂಗಳು ಹಾಗೆಯೇ ಇತ್ತು.

1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರಿಗೆ ಇರಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಕೋಲು ಹಿಡಿದವರು ಬಂದು ಹೊರಗೆ ಹಾಕಿದರು. ಕೈಯಲ್ಲಿ ಕೊಲಂಬಿಯಾದ ಓದು ಇತ್ತು, ಮಹಾರಾಜರ ಕೆಲಸ ಇತ್ತು. ಈಗ ಕೋಲು ಹಿಡಿದು ಯಾರೂ ಬರುವುದಿಲ್ಲ. "ಮೊದಲೇ ಮಾತಾಗಿತ್ತು" ಅನ್ನುತ್ತಾರೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಪಡೆಯಲು, ಅದರಲ್ಲಿ ಇರಲು ಅಡ್ಡಿ ಮಾಡುವುದು ಅಪರಾಧ. ಆದರೆ "ಸಂಬಂಧದವರಿಗೆ ಮಾತಾಗಿತ್ತು" ಅನ್ನುವುದನ್ನು ಯಾವ ಠಾಣೆಯಲ್ಲಿ ಬರೆಸುವುದು?

ಕಡೆಗೆ ಒಂದು ಹೊಸ ಫ್ಲ್ಯಾಟ್ ಆಯಿತು. ಫೈಬರ್ ಬಂತು, ನೂರು ಎಂಬಿಪಿಎಸ್. ಅವಳ ಕೆಲಸ ನಡೆಯುತ್ತಿದೆ. ಸಂತೋಷವೇ. ಆದರೆ ಅವಳು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ ಮುಖ ಮೂರು ಸೆಕೆಂಡಿಗೊಮ್ಮೆ ನಿಲ್ಲುತ್ತದೆ. ನಿಲ್ಲುವುದು ಈ ಕಡೆಯಿಂದ ಅಲ್ಲ, ಆ ಕಡೆಯಿಂದ. ಅಕ್ಕ ಇರುವುದು ಕಾಲೊನಿಯಲ್ಲಿ.

ಕಾಲೊನಿಗೆ ಫೈಬರ್ ಯಾಕೆ ಇಲ್ಲ? ಕೇಳಲಿಕ್ಕೆ ಹೋದೆ. "ಸರ್, ಅಲ್ಲಿಗೆ ಫೀಸಿಬಲ್ ಅಲ್ಲ" ಅಂದರು. ವಿವರ ಕೇಳಿದೆ. ಮುಖ್ಯರಸ್ತೆಯಿಂದ ಒಳಗೆ ಬರಬೇಕಾದರೆ ಎರಡು ಹಿತ್ತಿಲು ದಾಟಬೇಕು, ಒಬ್ಬರು ಕಂಬ ಹಾಕಲು ಬಿಡುವುದಿಲ್ಲ. ಮತ್ತೆ, ಅಷ್ಟು ಖರ್ಚು ಮಾಡಿ ಬಂದರೆ ಎಷ್ಟು ಮನೆಯವರು ತಿಂಗಳು ತಿಂಗಳು ಕಟ್ಟುತ್ತಾರೆ ಅಂತ ಗ್ಯಾರಂಟಿ ಇಲ್ಲ.

ನ್ಯಾಯವಾಗಿ ಹೇಳಬೇಕು. ಈ ಉತ್ತರ ನಮಗೆ ಮಾತ್ರ ಸಿಗುವುದಲ್ಲ. ಕಾರ್ಕಳದ ಗುಡ್ಡೆಯ ಮೇಲೆ ಒಂಟಿ ಮನೆ ಇರುವ ಮೇಲ್ಜಾತಿಯವರಿಗೂ "ಫೀಸಿಬಲ್ ಅಲ್ಲ" ಅಂದಾರು. ಆದರೆ ಅವರು ತಮ್ಮದೇ ತೋಟದಲ್ಲಿ ತಮ್ಮದೇ ಖರ್ಚಿನಲ್ಲಿ ನಾಲ್ಕು ಕಂಬ ಹಾಕಿಸಿಕೊಳ್ಳುತ್ತಾರೆ. ಜಾಗ ಅವರದ್ದು, ಯಾರ ಅಪ್ಪಣೆಯೂ ಬೇಡ. ನಮಗೆ ಐದು ಸೆಂಟ್ಸ್, ಅದರ ಸುತ್ತ ಇನ್ನೊಬ್ಬರ ಕಂಪೌಂಡ್. ಬ್ರಿಟಿಷರ ಕಾಲದಲ್ಲಿ ನಮಗೆಂದು ಕಾಯ್ದಿರಿಸಿದ ಡಿ.ಸಿ. ಮನ್ನಾ ಜಮೀನಿಗಾಗಿ ಈ ಎರಡು ಜಿಲ್ಲೆಗಳಲ್ಲಿ ಇವತ್ತಿಗೂ ಧರಣಿ ಕೂರುತ್ತಿದ್ದೇವಲ್ಲ, ಅದಕ್ಕೂ ಈ ವೈರಿಗೂ ಸಂಬಂಧ ಇದೆ. ಭೂಮಿ ಇಲ್ಲದವನಿಗೆ ದಾರಿ ಇಲ್ಲ. ದಾರಿ ಇಲ್ಲದಲ್ಲಿಗೆ ನೀರಿನ ಪೈಪು ತಡವಾಗಿ ಬಂತು, ಕರೆಂಟು ತಡವಾಗಿ ಬಂತು, ಈಗ ಫೈಬರಿನ ಸರದಿ. ಕಂಪನಿಯವನಿಗೆ ನಮ್ಮ ಜಾತಿ ಗೊತ್ತಿರಬೇಕಾಗಿಯೂ ಇಲ್ಲ. ಅವನ ಲೆಕ್ಕಕ್ಕಿಂತ ಮೊದಲೇ ಜಾತಿ ತನ್ನ ಲೆಕ್ಕ ಮುಗಿಸಿ ಕಾಲೊನಿಯನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟಿದೆ.

ಕೊರೊನಾ ಕಾಲ ಮರೆತಿಲ್ಲ ತಾನೆ? 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದ ಫೋಟೋವನ್ನು ನಾವೆಲ್ಲ ಶೇರ್ ಮಾಡಿದ್ದೆವು. ಅಪ್ಪನ ಪ್ರೀತಿ ದೊಡ್ಡದು ಅಂತ ಬರೆದೆವು. ಕೊಡೆ ಹಿಡಿಯುವ ಪರಿಸ್ಥಿತಿ ಯಾಕೆ ಬಂತು ಅಂತ ಕೇಳಿದವರು ಕಮ್ಮಿ. ಶಾಲೆ ತೆರೆಯಿತು, ಪ್ರಶ್ನೆ ಮುಚ್ಚಿತು.

ಕಾನೂನು ನಮ್ಮ ಕಡೆ ಇಲ್ಲ ಅಂತ ಅಲ್ಲ. 2019ರಲ್ಲಿ ಕೇರಳ ಹೈಕೋರ್ಟ್ ಒಬ್ಬ ವಿದ್ಯಾರ್ಥಿನಿಯ ಹಾಸ್ಟೆಲ್ ಪ್ರಕರಣದಲ್ಲಿ ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಅಂದಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ತಲುಪುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಅದು ಅಂಗವಿಕಲರ ಪ್ರಕರಣ, ಆದರೆ ಅಂಚಿನಲ್ಲಿರುವ ಎಲ್ಲರ ವಿಷಯವೂ ಅದರಲ್ಲಿದೆ. 2011ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆ, ಈಗಿನ ಹೆಸರು ಭಾರತ್‌ನೆಟ್, ಗ್ರಾಮ ಪಂಚಾಯಿತಿಗೆ ಫೈಬರ್ ತರುವುದು ಅದರ ಗುರಿ. 2023ರ ಆಗಸ್ಟ್‌ನಲ್ಲಿ ಅದನ್ನು ತಿದ್ದಿ, ಬೇಡಿಕೆ ಬಂದ ಹಳ್ಳಿಗಳಿಗೂ ಕೊಡುತ್ತೇವೆ ಅಂದರು. ಬೇಡಿಕೆ ಬಂದರೆ! ನಾವು ಬೇಡಿಕೆಯನ್ನೇ ಬರೆದು ಕೊಡದಿದ್ದರೆ ಅವರ ರಿಜಿಸ್ಟರಿನಲ್ಲಿ ನಮ್ಮ ಕಾಲೊನಿ ಇರುವುದೇ ಇಲ್ಲ. ಗುಮಾಸ್ತನಾಗಿ ಹೇಳುತ್ತಿದ್ದೇನೆ, ಇನ್‌ವರ್ಡ್ ನಂಬರ್ ಬೀಳದ ದುಃಖಕ್ಕೆ ಸರ್ಕಾರದಲ್ಲಿ ಫೈಲ್ ಇಲ್ಲ.

ಕೆಲವು ಸಂಗಾತಿಗಳು ಹೇಳುತ್ತಾರೆ, "ಊಟ ಇಲ್ಲ, ಭೂಮಿ ಇಲ್ಲ, ನಿಮ್ಮದು ಫ್ಲ್ಯಾಟು, ಫೈಬರು." ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳಿದವರಿಗೆ ಬಾಬಾಸಾಹೇಬರು ಕೊಟ್ಟ ಉತ್ತರ ನೆನಪು ಮಾಡಿಕೊಳ್ಳಿ. ಹಳ್ಳಿ ನಮಗೆ ಯಾವತ್ತೂ ಸ್ವರ್ಗ ಆಗಿರಲಿಲ್ಲ. ವಿಳಾಸ ಬದಲಾಯಿಸುವ ಆಸೆ ನಮ್ಮ ಮಕ್ಕಳಿಗೆ ಇರುವುದು ಐಷಾರಾಮ ಅಲ್ಲ. ಒಬ್ಬಳು ಹುಡುಗಿ ಹೊರಗೆ ಹೋಗಲಿ, ಹೋಗಬೇಕು. ಉಳಿದವರಿಗೂ ಅವಳಿಗೆ ಸಿಕ್ಕಿದ ಲೈನ್ ಸಿಗಲಿ ಅಂತ ಕೇಳುವುದು ನಮ್ಮ ಕೆಲಸ. ಇವತ್ತು ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನ್, ಜಾತಿ ಪ್ರಮಾಣಪತ್ರ ಆನ್‌ಲೈನ್, ಕೆಲಸದ ಅರ್ಜಿ ಆನ್‌ಲೈನ್. ಸೈಬರ್ ಅಂಗಡಿಯವನಿಗೆ ಒಂದೊಂದಕ್ಕೂ ನೂರಿನ್ನೂರು ಕೊಟ್ಟು ಬರುವವರು ಯಾರು?

ಹಾಗಾಗಿ ಎರಡು ಕೆಲಸ ಹೇಳುತ್ತೇನೆ.

ಫ್ಲ್ಯಾಟ್ ತೆಗೆಯುವವರು ಅಡ್ವಾನ್ಸ್ ಕೊಡುವ ಮೊದಲು ಪಕ್ಕದ ಮನೆಯವರನ್ನು, ಲೈನ್‌ಮ್ಯಾನನ್ನು ಕೇಳಿ. ಪೋರ್ಟ್ ಉಂಟಾ, ಎರಡನೇ ಕಂಪನಿ ಉಂಟಾ, ಮಳೆಗಾಲದಲ್ಲಿ ಎಷ್ಟು ದಿನ ಹೋಗ್ತದೆ, ಕರೆಂಟ್ ಹೋದಾಗ ಎಂತ. ಬಿಲ್ಡರ್ ಹೇಳಿದ್ದನ್ನು ಬರೆಸಿಕೊಳ್ಳಿ. ಯಾರಾದರೂ ಮೂಲ ಕೇಳಿ ಫ್ಲ್ಯಾಟ್ ಕೊಡದಿದ್ದರೆ ದಿನಾಂಕ, ಮೆಸೇಜು, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಂದು ಪ್ರಕರಣದಲ್ಲಿ ಸಾಕ್ಷಿ ಸಾಲದು, ಹತ್ತು ಒಟ್ಟಾದರೆ ಮಾತಾಡಲಿಕ್ಕೆ ಬಲ ಬರುತ್ತದೆ.

ಕಾಲೊನಿಯಲ್ಲಿರುವವರು ಮುಂದಿನ ಗ್ರಾಮಸಭೆಗೆ ಒಂದು ಅರ್ಜಿ ಬರೆಯಿರಿ. ಕೊನೆಯ ಫೈಬರ್ ಡಬ್ಬಿ ಯಾವ ಕಂಬದಲ್ಲಿ ಇದೆ, ಅಲ್ಲಿಂದ ಕಾಲೊನಿಗೆ ಎಷ್ಟು ಮೀಟರ್, ನಡುವೆ ಯಾರ ಜಾಗ ಅಂತ ನಡೆದು ನೋಡಿ ಬರೆಯಿರಿ. ಮನೆ ಮನೆಗೆ ಕೊಡಿ ಅಂದರೆ ಲೆಕ್ಕ ಹೇಳಿ ನುಣುಚಿಕೊಳ್ಳುತ್ತಾರೆ. ಮೊದಲು ಅಂಬೇಡ್ಕರ್ ಭವನಕ್ಕೋ ಅಂಗನವಾಡಿಗೋ ಒಂದು ಕನೆಕ್ಷನ್ ಕೇಳಿ. ಡಬ್ಬಿ ಕಾಲೊನಿಯ ಒಳಗೆ ಬಂದರೆ ಅಲ್ಲಿಂದ ಮನೆಗಳಿಗೆ ಐವತ್ತು ಮೀಟರ್. ಆಮೇಲೆ "ಫೀಸಿಬಲ್ ಅಲ್ಲ" ಅನ್ನಲಿಕ್ಕೆ ಅವರಿಗೆ ಕಾರಣ ಉಳಿಯುವುದಿಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿ ನಿಮ್ಮಲ್ಲಿ ಇಟ್ಟುಕೊಳ್ಳಿ.

ಅರ್ಜಿಯ ನಮೂನೆ ನಾನು ಮಾಡಿ ಇಟ್ಟಿದ್ದೇನೆ. ಬೇಕಾದವರು ಕಮೆಂಟಿನಲ್ಲಿ ಊರಿನ ಹೆಸರು ಹಾಕಿ, ಕಳಿಸುತ್ತೇನೆ. ನಿಮ್ಮ ಕಾಲೊನಿಯಲ್ಲಿ ವೈರ್ ಎಲ್ಲಿಗೆ ನಿಂತಿದೆ ಅಂತಲೂ ಬರೆಯಿರಿ. ಪಟ್ಟಿ ಒಟ್ಟು ಮಾಡಿ ಡಿಸಿ ಆಫೀಸಿಗೆ ಕೊಡೋಣ.

ಜೈ ಭೀಮ್.